ಶಾಲೆ ಬಿಟ್ಟ ಮೇಲಿನ ಒಂದು ತಾಸು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಊರುಗಳ ಗೃಹಸ್ಥರಲ್ಲಿ ಅನೇಕರು ಮಕ್ಕಳನ್ನು ಶಾಲೆ ಬಿಟ್ಟ ಕೂಡಲೆ ಮತ್ತೊಂದು ಪಾಠಕ್ಕೆ ಕಳಿಸುತ್ತಿರುವರು. ಅಂಕಗಳ ಚಿಂತೆ ಯಾರಿಗೆ ತಾನೆ ಇಲ್ಲ? ಆದರೂ ವಾರದಲ್ಲಿ ಒಂದು ಸಂಜೆಯನ್ನಾದರೂ ಮಗುವಿನ ಕೈಗಳಿಗೆ ಬಿಟ್ಟುಕೊಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.

ಒಂದು ದೃಷ್ಟಾಂತವನ್ನು ಕೇಳಿರಿ. ನೀರಿನ ಒತ್ತಡದ ಪಾಠದಲ್ಲಿ ಒಂದು ಚಿತ್ರವನ್ನು ಬರೆಯುವ ರೂಢಿಯುಂಟು. ಎತ್ತರವಾದ ಪಾತ್ರೆಗೆ ಒಂದರ ಕೆಳಗೊಂದು ಮೂರು ತೂತುಗಳು. ಕೆಳಗಿನ ಧಾರೆಯೇ ಎಲ್ಲಕ್ಕೂ ದೂರ ಬೀಳುವದು. ಮಕ್ಕಳು ಇದನ್ನು ಬಾಯಿಪಾಠ ಮಾಡಿರುವರು. ಈಗ ಒಂದು ಪ್ಲಾಸ್ಟಿಕ್ ಬಾಟಲಿಗೆ ನೀರಿನ ಎತ್ತರದ ಕಾಲು, ಅರ್ಧ, ಮುಕ್ಕಾಲು ಪಾಲಿನಲ್ಲಿ ತೂತುಗಳನ್ನು ಮಾಡಿಕೊಡಿರಿ. (ಕಾಯಿಸಿದ ಮೊಳೆ ಹಿರಿಯರ ಕೈಯಲ್ಲೇ ಇರಲಿ.) ಬಾಟಲಿಯನ್ನು ಅಂಗಳದ ನೆಲದ ಮೇಲಿಟ್ಟು, ನೀರು ಇಳಿಯದಂತೆ ಮೇಲಿನಿಂದ ಸುರಿಯುತ್ತಿರಲು ಮಗುವಿಗೆ ಹೇಳಿರಿ. ದೂರ ಬೀಳುವದು ನಡುವಿನ ಧಾರೆ! ಕೆಳಗಿನದಕ್ಕೆ ರಭಸ ಹೆಚ್ಚು, ಆದರೆ ಬೇಗನೆ ನೆಲ ಮುಟ್ಟುವದು. ಮೇಲಿನದಕ್ಕೆ ಬೀಳಲು ಅವಕಾಶವುಂಟು, ರಭಸವಿಲ್ಲ. ಅದೇ ಬಾಟಲಿಯನ್ನು ಅದಕ್ಕಿಂತ ಎತ್ತರವಾದ ಸ್ಟೂಲಿನ ಅಂಚಿಗಿಟ್ಟರೆ ಕೆಳಗಿನ ಧಾರೆಯೇ ಗೆಲ್ಲುವದು. ಚಿತ್ರ ಬರೆದವರು ಪಾತ್ರೆಯನ್ನು ಎಲ್ಲಿಟ್ಟರೆಂಬುದನ್ನು ಹೇಳಲೇ ಇಲ್ಲ. ನೀರು ಸುರಿದ ಮಗುವಿಗೆ ಮಾತ್ರ ಅದು ತಿಳಿಯುವದು.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟನ್ನು ನೋಡಿಬಂದ ಮಕ್ಕಳು, ಕಟ್ಟೆಗಳ ಬುಡವೇಕೆ ದಪ್ಪವೆಂದು ಕೇಳಬಹುದು. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುವದೆಂಬುದಕ್ಕೆ ಆ ಕೆಳಗಿನ ಧಾರೆಯ ರಭಸವೇ ಸಾಕ್ಷಿ.

ಸರಕಾರವು 2016 ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ, ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಗೊತ್ತುಮಾಡಿತು. 6 ರಿಂದ 12 ನೆಯ ತರಗತಿಯವರು ಅಲ್ಲಿ ಸ್ವತಃ ಯಂತ್ರಗಳನ್ನು ಕಟ್ಟಬೇಕೆಂಬುದು ಉದ್ದೇಶ. ನಿಮ್ಮ ಮಗುವಿನ ಶಾಲೆಯಲ್ಲಿ ಅಂಥದು ಇದ್ದರೆ, ಸಂಜೆ ಅದರ ಬಾಗಿಲು ತೆರೆದಿರುವದೋ ಎಂದು ಹೋಗಿ ನೋಡಿರಿ. ಸಾಮಾನು ಮುರಿದೀತೆಂಬ ಭಯದಿಂದ ಬೀಗ ಹಾಕಿದ ಕಪಾಟುಗಳನ್ನು ನಾವು ಬೇಕಾದಷ್ಟು ಕಂಡಿರುವೆವು. ಯಂತ್ರವೆಂಬ ಶಬ್ದವು ಬಿಗಿಹಿಡಿಯುವ ಅರ್ಥದ ಯಮ್ ಧಾತುವಿನಿಂದ ಬಂದದ್ದು ನಿಜ. ಯಂತ್ರಗಳನ್ನೇ ಬಿಗಿದಿಡಬೇಕೆಂದು ಯಾವ ವೈಯಾಕರಣನೂ ಹೇಳಿಲ್ಲ.

ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ 1969 ರಲ್ಲಿಯೇ ಆರಂಭವಾಯಿತು. ಆ ಸೀಮೆಯವರಿಗೆ ಮಗಳ ಕೈಗೂ ಸುತ್ತಿಗೆ ಕೊಡಿರೆಂದು ನಾವು ಹೇಳಬೇಕಾಗಿಲ್ಲ. ರಾಮದುರ್ಗದವರು ಪ್ರಯೋಗಾಲಯವಿಲ್ಲವೆಂದು ಕೊರಗದೆ, ಮಕ್ಕಳನ್ನು ನೇಕಾರರ ಓಣಿಗೆ ಕರೆದೊಯ್ಯಲಿ. ಕೈಮಗ್ಗದಲ್ಲಿ ಕಾಲಿನಿಂದ ಒಂದು ಮಣೆಯನ್ನು ಮೆಟ್ಟಿದರೆ ಯಾವ ಎಳೆಗಳು ಏಳುವವು, ಯಾವವು ಇಳಿಯುವವು ಎಂದು ಮಗುವೇ ನೇಕಾರರನ್ನು ಕೇಳಲಿ. ಮನೆಗೆ ಬಂದು ಕಡ್ಡಿ, ದಾರಗಳಿಂದ ಅಂಥದೊಂದನ್ನು ಕಟ್ಟಿ ನೋಡಲಿ.