ಗೀಸರಿನ ಸುಣ್ಣ ಮತ್ತು 'ಕಲ್ಮಶ'ದ ಕಥೆ

ಮೊನ್ನೆ ಊರಿಗೆ ಹೋದಾಗ ಅಪ್ಪ ಗೀಸರಿನ ಕಾಯಿಲ್ ತೋರಿಸಿದರು. ಬೋರ್‌ವೆಲ್ ನೀರು ನೋಡಿ, ಸುಣ್ಣದ ಕವಚವೇ ಬೆಳೆದಿತ್ತು. ಫಿಲ್ಟರ್ ಮಾರುವವನೊಬ್ಬ ಬಂದು, ನೀರಿಗೆ ಟಿಡಿಎಸ್ ಪೆನ್ ಅದ್ದಿ, "ಎಷ್ಟು ಕಲ್ಮಶ ನೋಡಿ ಸಾರ್!" ಅಂತ ಹೆದರಿಸಿ ಹೋಗಿದ್ದನಂತೆ. ಅಪ್ಪ ಪಿಂಚಣಿ ದುಡ್ಡು ತೆಗೆಯೋಕೆ ಹೊರಟಿದ್ದರು!

ನನ್ನ ತಕರಾರು ಆ 'ಕಲ್ಮಶ' ಅನ್ನೋ ಪದದ ಮೇಲೆ. ನೀರಿನಲ್ಲಿರೋ ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿಬಿಡುತ್ತೆ ಅದು.

ಕಾಯಿಲ್ ಮೇಲಿನ ಸುಣ್ಣ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದೇ ವಸ್ತು ಕ್ಯಾಲ್ಸೈಟ್ ಆಗಬಹುದು, ಅರಗೊನೈಟ್ ಆಗಬಹುದು. ಸಾಮಾನ್ಯವಾಗಿ ಹೆಚ್ಚು ಸ್ಥಿರವಾದದ್ದು ಕ್ಯಾಲ್ಸೈಟ್. ಆದರೆ ನೀರಿನಲ್ಲಿ ಮೆಗ್ನೀಸಿಯಂ ಜಾಸ್ತಿ ಇದ್ದರೆ ಆಟವೇ ಬೇರೆ. ಮೆಗ್ನೀಸಿಯಂ ಅಯಾನು ಕ್ಯಾಲ್ಸಿಯಂಗಿಂತ ಚಿಕ್ಕದು, ತನ್ನ ಸುತ್ತಲಿನ ನೀರಿನ ಅಣುಗಳನ್ನು ಬೇಗ ಬಿಟ್ಟುಕೊಡಲ್ಲ. ಕ್ಯಾಲ್ಸೈಟ್ ಒಳಗೆ ನುಸುಳಿದರೆ ಆ ಹರಳು ಹೆಚ್ಚು ಕರಗುವಂತಾಗಿ, ಬೆಳವಣಿಗೆ ಕುಂಟುತ್ತೆ. ಅರಗೊನೈಟಿನ ಜೋಡಣೆಯಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ, ಹಾಗಾಗಿ ಅರಗೊನೈಟಿಗೆ ಅಷ್ಟು ಅಡ್ಡಿಯಿಲ್ಲ. ಸತು ಇನ್ನೂ ಘಾಟಿ... ಚೂರೇ ಚೂರಿದ್ದರೂ ಕ್ಯಾಲ್ಸೈಟಿನ ಬೆಳವಣಿಗೆಗೆ ಬ್ರೇಕ್ ಹಾಕುತ್ತೆ.

ಇದು ಬರೀ ಗೀಸರಿನ ಕಥೆಯಲ್ಲ. ಇವತ್ತಿನ ಸಮುದ್ರದಲ್ಲಿ ಒಂದು ಕ್ಯಾಲ್ಸಿಯಂಗೆ ಸುಮಾರು 5 ಮೆಗ್ನೀಸಿಯಂ ಅಯಾನುಗಳಿವೆ. ಅದಕ್ಕೇ ಬೆಚ್ಚಗಿನ ಕಡಲಲ್ಲಿ ತಾನಾಗಿ ಕೂರುವ ಸುಣ್ಣ ಹೆಚ್ಚಾಗಿ ಅರಗೊನೈಟ್. ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಕಾಲದಲ್ಲಿ ಈ ಅನುಪಾತ ತುಂಬಾ ಕಡಿಮೆಯಿತ್ತು, ಆಗ ಕ್ಯಾಲ್ಸೈಟಿನ ರಾಜ್ಯಭಾರ. ಲಕ್ಷದ್ವೀಪದ ಹವಳಗಳೂ ಅರಗೊನೈಟನ್ನೇ ಕಟ್ಟುತ್ತವೆ. ಹವಳದೊಳಗೆ ಸೇರುವ ಸ್ಟ್ರಾನ್ಷಿಯಂ ನೀರು ಬೆಚ್ಚಗಾದಂತೆ ಕಡಿಮೆಯಾಗುತ್ತೆ. ಅದನ್ನು ಅಳೆದೇ ವಿಜ್ಞಾನಿಗಳು ಹಳೇ ಸಮುದ್ರದ ಬಿಸಿ ಎಷ್ಟಿತ್ತು ಅಂತ ಲೆಕ್ಕ ಹಾಕೋದು. 'ಕಲ್ಮಶ' ಇಲ್ಲದಿದ್ದರೆ ಈ ದಾಖಲೆಯೇ ಇರುತ್ತಿರಲಿಲ್ಲ!

ಅಂದರೆ ಕಲ್ಲು ಎಷ್ಟು ಬೇಗ ಬೆಳೆಯುತ್ತೆ, ಯಾವ ರೂಪ ತಾಳುತ್ತೆ ಅನ್ನೋದರಲ್ಲಿ ಜೊತೆಗಿರೋ ಲೋಹದ ಮಾತು ನಡೆಯುತ್ತೆ. ಟಿಡಿಎಸ್ ಪೆನ್ನಿಗೆ ಇದು ಯಾವುದೂ ಕಾಣಲ್ಲ. ಸೋಡಿಯಂ ಉಪ್ಪಿನಿಂದ ಬಂದ 500ಕ್ಕೂ ಕ್ಯಾಲ್ಸಿಯಂ ಬೈಕಾರ್ಬೊನೇಟಿನಿಂದ ಬಂದ 500ಕ್ಕೂ ಅದು ಒಂದೇ ಅಂಕಿ ತೋರಿಸುತ್ತೆ. ಕಾಯಿಲ್ ಕಟ್ಟಿಕೊಳ್ಳೋದು ಎರಡನೆಯದರಿಂದ. ಲಾಗ್ ಫೈಲಿನ ಸೈಜ್ ನೋಡಿ ಬಗ್ ಯಾವುದು ಅಂತ ಹೇಳಿದ ಹಾಗಾಯ್ತು.

ಅಪ್ಪನಿಗೆ ಹೇಳಿದ್ದಿಷ್ಟೇ: ಮೊದಲು ಲ್ಯಾಬಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್ ಬೇರೆ ಬೇರೆ ಅಳೆಸಿ. ದುಡ್ಡಿನ ಮಾತು ಆಮೇಲೆ. ಬಾಟಲಿಯಲ್ಲಿ ನೀರು ತುಂಬಿಸಿಟ್ಟಿದ್ದಾರೆ, ಸೋಮವಾರ ಕೊಟ್ಟು ಬರ್ತಾರಂತೆ.

ನಿಮ್ಮೂರಿನ ನೀರು ಹೇಗಪ್ಪಾ? ಯಾರಾದರೂ ಹೀಗೆ ಅಳೆಸಿದ್ದೀರಾ?