ಆರೋಪಕ್ಕೆ ಆಧಾರ ಬೇಕು

ಚುನಾವಣೆ ಹತ್ತಿರವಾದಾಗಲೆಲ್ಲ ನಮ್ಮ ಕಚೇರಿಗೆ ಒಂದು ಬಗೆಯ ಕಾಗದಗಳು ಬರುತ್ತವೆ. “ಇಂಥವನು ಲಂಚ ತಿಂದಿದ್ದಾನೆ, ಅಚ್ಚು ಹಾಕಿ” ಎಂಬುದೇ ಅವುಗಳ ಸಾರ. ಯಾವಾಗ, ಯಾರಿಂದ, ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಅವನು ಎದುರು ಪಕ್ಷದವನೆಂಬುದೇ ಸಾಕ್ಷಿ! ಲಂಚಕೋರರನ್ನು ಬಯಲಿಗೆಳೆಯಬೇಕೆಂಬುದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಆದರೆ ಬಯಲಿಗೆಳೆಯುವುದು ಬೇರೆ, ಕೆಸರೆರಚುವುದು ಬೇರೆ.

ಬಯಲಿಗೆಳೆಯುವ ರೀತಿಯನ್ನು 1957ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ತೋರಿಸಿಕೊಟ್ಟರು. ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿದಿತ್ತು. ಅದು ಪಾಲಿಸಿದಾರರು ಕಂತುಕಂತಾಗಿ ಕಟ್ಟಿದ ಹಣ. ಫಿರೋಜರು ಆಳುವ ಪಕ್ಷದವರೇ, ಪ್ರಧಾನಿಯ ಅಳಿಯನೂ ಹೌದು. ಆದರೂ ಷೇರುಗಳ ದರವನ್ನು ಸಭೆಯ ಮುಂದಿಟ್ಟು ಲೆಕ್ಕ ಕೇಳಿದರು. ನ್ಯಾಯಮೂರ್ತಿ ಛಾಗ್ಲಾ ಅವರು ಮುಂಬಯಿಯಲ್ಲಿ ಬಹಿರಂಗವಾಗಿ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆಯೆಂದರು ಛಾಗ್ಲಾ; ಹಣ ಜೇಬಿಗಿಳಿಸಿದರೆಂದು ಹೇಳಲಿಲ್ಲ. ತಪ್ಪು ಎಷ್ಟೋ ಅಷ್ಟನ್ನೇ ಹೇಳುವುದು ನ್ಯಾಯ.

ಇನ್ನೊಂದು ಮೊಕದ್ದಮೆಯನ್ನು ನೋಡಿ. 1991ರಲ್ಲಿ ಸಿಕ್ಕ ಜೈನ್ ಡೈರಿಗಳ ಆಧಾರದ ಮೇಲೆ 1996ರಲ್ಲಿ ಹಲವು ಪಕ್ಷಗಳ ನಾಯಕರ ವಿರುದ್ಧ ಆರೋಪಪಟ್ಟಿ ಬಂತು. ಅವರಲ್ಲೊಬ್ಬರಾದ ಅಡ್ವಾಣಿಯವರು ಲೋಕಸಭಾ ಸ್ಥಾನ ಬಿಟ್ಟರು. 1997ರಲ್ಲಿ ದಿಲ್ಲಿ ಹೈಕೋರ್ಟು ಅವರ ಮೇಲಿನ ಆರೋಪವನ್ನು ತಳ್ಳಿಹಾಕಿತು. ಪುಸ್ತಕದಲ್ಲಿ ಬರೆದಿಟ್ಟ ಮಾತ್ರಕ್ಕೆ ಅಪರಾಧ ಸಿದ್ಧವಾಗದು, ಬೇರೆ ಪುರಾವೆಯೂ ಬೇಕು ಎಂದು 1998ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪುರಾವೆ ಕೂಡಿಸದ ಆರೋಪದಿಂದ ಎರಡು ಕೇಡು: ನಿರಪರಾಧಿಯಾದರೆ ಅವನ ಹೆಸರಿಗೆ ಮಸಿ, ಅಪರಾಧಿಯಾದರೆ ಅವನಿಗೆ ಬಿಡುಗಡೆ.

ಇದು ದೊಡ್ಡವರ ಸಂಗತಿಯೆಂದು ತಳ್ಳಿಬಿಡಬೇಡಿ. ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಮೆಯಾದರೆ ಮೊದಲು ಮಾಣಿಯ ಜೇಬು ತಡಕುವ ಧಣಿಗಳನ್ನು ನಾವು ಕಂಡಿಲ್ಲವೇ? ಸಾಂಚೆ ಕೆಟ್ಟರೆ ಕೆಲಸಗಾರನೇ ಕೆಡಿಸಿದನೆಂದು ಮನೆಗೆ ಕಳುಹಿಸಿದ್ದನ್ನು ಕಂಡಿಲ್ಲವೇ? “ಆರೋಪವನ್ನು ಬರೆದು ಕೊಡಿ, ಸಾಕ್ಷಿ ತೋರಿಸಿ, ನಮ್ಮ ಮಾತನ್ನೂ ಕೇಳಿ” ಎಂದು ಸಂಘ ಕಟ್ಟಿ ಹಟ ಹಿಡಿದವರು ನಾವು. ನಮಗೆ ಬೇಡಿದ ನ್ಯಾಯವನ್ನು ಎದುರು ಪಕ್ಷದವನಿಗೆ ಇಲ್ಲವೆನ್ನುವುದು ಹೇಗೆ?

ಆದುದರಿಂದ ಆಧಾರವಿಲ್ಲದ ಆರೋಪವನ್ನು ಈ ಪತ್ರಿಕೆ ಅಚ್ಚು ಹಾಕದು. ಆಧಾರವಿದ್ದರೆ ಆರೋಪಿ ನಮ್ಮವನೇ ಆದರೂ ಮುಚ್ಚಿಡದು. ಅವನ ಉತ್ತರಕ್ಕೂ ಅಷ್ಟೇ ಜಾಗ ಕೊಡುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಾಣದೆಯೇ ಕೂಗುವವರ ಹಿಂದೆ ನಮ್ಮ ಬಂಧುಗಳು ಹೋಗದಿರಲಿ.