ಬಳಚು ಆರಿಸುವವರಿಗೆ ಸರ್ವೆ ನಂಬರಿಲ್ಲ

ವೀಳ್ಯದೆಲೆಗೆ ಹಚ್ಚುವ ಸುಣ್ಣ ಎಲ್ಲಿಂದ ಬರುತ್ತದೆಂದು ಕೇಳುವವರು ಕಡಿಮೆ. ಕರಾವಳಿಯಲ್ಲಿ ಅದರ ಒಂದು ಪಾಲು ಬರುವುದು ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಿಂದ. ಎದೆಮಟ್ಟದ ನೀರಿನಲ್ಲಿ ನಿಂತು ಚಿಪ್ಪು ಬಾಚುವವರ ಕೈಗಳಿಂದ. ಒಳಗಿನ ಮಾಂಸ ಬಡವರ ಊಟಕ್ಕೆ, ಚಿಪ್ಪು ಸುಣ್ಣದ ಗೂಡಿಗೆ. ಉತ್ತರ ಕನ್ನಡದವರು ಇದನ್ನು ಬಳಚು ಎನ್ನುತ್ತಾರೆ, ತುಳುವರು ಮರುವಾಯಿ ಎನ್ನುತ್ತಾರೆ.

ಹೀಗೆ ಕರೆಯುವ ಚಿಪ್ಪುಗಳಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಸೈರೆನಿಡೇ ಎಂಬ ಕುಟುಂಬಕ್ಕೆ ಸೇರಿದವು ಸಿಹಿನೀರಿನಲ್ಲಿಯೂ ಸವುಳು ನೀರಿನಲ್ಲಿಯೂ ಬಾಳುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಖ್ಯವಾದುದು ಮಲೆಯಾಳಿಗಳು 'ಕರುತ್ತ ಕಕ್ಕ' ಎನ್ನುವ ಕಪ್ಪು ಚಿಪ್ಪು. ಬೆಳೆದ ಚಿಪ್ಪು ತಿಂಗಳುಗಟ್ಟಲೆ ಸಿಹಿನೀರನ್ನು ತಾಳೀತು. ಆದರೆ ಸಂತತಿ ಮುಂದುವರಿಯಬೇಕಾದರೆ ನೀರಿಗೆ ತಕ್ಕಷ್ಟು ಉಪ್ಪು ಬರಲೇಬೇಕು. ಮಳೆಗಾಲದ ಹೊಳೆಯೂ ಬೇಸಿಗೆಯ ಭರತವೂ ಸರದಿಯ ಮೇಲೆ ಬಂದರೆ ಮಾತ್ರ ಇದರ ಬದುಕು. ಈ ಸರದಿಯನ್ನು ಕೆಡಿಸಿದರೆ ಚಿಪ್ಪು ಹೋಯಿತು. ಚಿಪ್ಪಿನೊಂದಿಗೆ ಕೂಲಿಯೂ ಹೋಯಿತು.

ಕೇರಳದ ವೆಂಬನಾಡು ಸರೋವರವನ್ನು ನೋಡಿರಿ. ದೇಶದಲ್ಲಿ ಕಪ್ಪು ಚಿಪ್ಪು ಅತಿ ಹೆಚ್ಚು ಸಿಗುವುದು ಅಲ್ಲಿ. ಸಮುದ್ರಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಿರಲೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂನಲ್ಲಿ ಒಡ್ಡು ಕಟ್ಟಿದರು. ಬೇಸಿಗೆಯ ತಿಂಗಳುಗಳಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಗದ್ದೆಗೆ ಅನುಕೂಲವಾಯಿತು; ಒಡ್ಡಿನ ದಕ್ಷಿಣಕ್ಕೆ ನೀರು ನಿಂತು ಕಳೆ ಬೆಳೆಯಿತು, ಚಿಪ್ಪಿನ ಸಂತಾನಕ್ಕೆ ಬೇಕಾದ ಉಪ್ಪು ತಪ್ಪಿತು. ಅನ್ನ ಬೆಳೆಯುವವನನ್ನೂ ಚಿಪ್ಪು ಬಾಚುವವನನ್ನೂ ಎದುರುಬದುರು ನಿಲ್ಲಿಸಿದ ಯೋಜನೆ ಇದು. ಇಬ್ಬರೂ ದುಡಿಯುವವರೇ.

ಇದು ಪರರಾಜ್ಯದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ರಾಜ್ಯದ ಗಿರಣಿಗಳನ್ನು ತಿರುಗಿಸಿದ, ಅಂಗಡಿಗಳ ದೀಪ ಹೊತ್ತಿಸಿದ ವಿದ್ಯುತ್ತಿನಲ್ಲಿ ಶರಾವತಿಯ ಪಾಲು ದೊಡ್ಡದು. ಆ ಬೆಳಕು ನಮಗೂ ಸಿಕ್ಕಿದೆ. ಆದರೆ ಯಂತ್ರ ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲಿಯೂ ಎಡೆಬಿಡದೆ ಇಳಿದು ಹೊನ್ನಾವರದ ಅಳಿವೆಯ ಉಪ್ಪನ್ನು ತಗ್ಗಿಸಿತು. ಅಲ್ಲಿನ ಚಿಪ್ಪಿನ ಸಂಪತ್ತು ಕರಗಿತು. ಪಕ್ಕದ ಅಘನಾಶಿನಿಗೆ ವಿದ್ಯುತ್ ಅಣೆಕಟ್ಟಿಲ್ಲ. ಅಲ್ಲಿ ಇಂದಿಗೂ ಸಾವಿರಾರು ಹೆಂಗಸರು ಗಂಡಸರು ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಇಳಿಯುತ್ತಾರೆ. ಎರಡು ನದಿಗಳ ಈ ಅಂತರಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಣೆಕಟ್ಟಿನ ಮೇಲ್ಗಡೆ ಮುಳುಗಿದ ಭೂಮಿಗೆ ಪರಿಹಾರದ ಮಾತಾದರೂ ಇತ್ತು. ಕೆಳಗಡೆ ಕಳೆದುಹೋದ ಕಸುಬಿಗೆ ಪಹಣಿಯಿಲ್ಲ, ಸರ್ವೆ ನಂಬರಿಲ್ಲ. ಕಾಗದದ ಮೇಲೆ ಇಲ್ಲದುದು ಸರ್ಕಾರದ ಕಣ್ಣಿಗೂ ಇಲ್ಲ. ವೆಂಬನಾಡಿಗೆ 2002ರಲ್ಲಿ, ಅಘನಾಶಿನಿಗೆ 2024ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಸಂತೋಷವೇ. ಆದರೆ ಫಲಕ ನೆಟ್ಟ ಮಾತ್ರಕ್ಕೆ ಬುಟ್ಟಿ ತುಂಬುವುದಿಲ್ಲ.

ವಿದ್ಯುತ್ತು ಬೇಡ, ಭತ್ತ ಬೇಡ ಎಂದು ನಾವು ಹೇಳುತ್ತಿಲ್ಲ. ನಾವು ಕೇಳುವುದಿಷ್ಟೆ: ಒಡ್ಡಿನ ಬಾಗಿಲು ಯಾವಾಗ ಮುಚ್ಚಬೇಕು, ಅಣೆಕಟ್ಟಿನ ನೀರು ಎಷ್ಟು ಬಿಡಬೇಕು ಎಂದು ತೀರ್ಮಾನಿಸುವ ಮೇಜಿನ ಬಳಿ ಚಿಪ್ಪು ಬಾಚುವವರಿಗೂ ಒಂದು ಕುರ್ಚಿ ಇರಲಿ. ಅವರನ್ನು ಕಾರ್ಮಿಕರೆಂದು ದಾಖಲಿಸಲಿ. ಅಳಿವೆಗೆ ಯಾವ ಹೊಸ ಯೋಜನೆ ಬಂದರೂ ಮೊದಲು ಅವರ ಗಳಿಕೆಯ ಲೆಕ್ಕ ಬರೆಯಲಿ. ಗಿರಣಿಯ ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಕೂಲಿ ಸಿಗುವುದಿಲ್ಲವೆಂಬುದನ್ನು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನದಿಯ ಹಾಜರಿ ಪಟ್ಟಿಯಲ್ಲಿ ಇವರ ಹೆಸರು ಬರುವಂತೆ ಮಾಡಲು ನಾವೂ ದನಿಗೂಡಿಸೋಣ.